ಹೆಂಡತಿಗೆ ಚಾಕು ಕೊಟ್ಟು ನೋಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮೂರನೆಯ ಪರೀಕ್ಷೆಯೊಂದನ್ನು ಸೇರಿಸಲಿಲ್ಲ. ಜೇಬಿನಲ್ಲಿಟ್ಟು ಸಾಕಿದ ಒಳ್ಳೆಯ ಚಾಕುವೊಂದನ್ನು ತೋಟದ ಕೆಲಸಕ್ಕೆಂದು ಹೆಂಡತಿಯ ಕೈಗೆ ಕೊಟ್ಟು ನೋಡು ಎಂದು ಅವರು ಹೇಳಲಿಲ್ಲ. ಹೇಳುವ ಪ್ರಸಂಗ ಅವರಿಗೆ ಬಂದಿರಲಾರದು. ಏಕೆಂದರೆ ಅವರ ಕಾಲದಲ್ಲಿ ದುಡಿಯುವ ಪ್ರತಿಯೊಂದು ಕೈಗೂ ಅದರದೇ ಆದ ಅಲಗು ಇತ್ತು.

ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಅಡಿಕೆ ಸೀಮೆಯಲ್ಲಿ. ಕೊಯ್ಲಿನ ದಿನಗಳಲ್ಲಿ ಸಂಜೆಯಾಗುತ್ತಲೇ ಅಡಿಕೆ ಸುಲಿಯುವ ಹೆಂಗಸರು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಮೆಟ್ಟುಗತ್ತಿ. ಹಲಗೆಯ ಮೇಲೆ ನೆಟ್ಟಗೆ ನಿಂತ ಬಾಗಿದ ಅಲಗು ಅದು. ಹಲಗೆಯನ್ನು ಕಾಲಿನಿಂದ ಮೆಟ್ಟಿ ಕುಳಿತು, ಕಾಯನ್ನು ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಬೇರೆ, ಬೇಳೆ ಬೇರೆ. ಡಬ್ಬದ ಲೆಕ್ಕದಲ್ಲಿ ಅಳೆದು ಕೂಲಿ ಕೊಡುವ ಕೆಲಸವಾದ್ದರಿಂದ ಅಲಗು ಮೊಂಡಾದರೆ ಸಂಪಾದನೆಯೂ ಮೊಂಡಾಗುತ್ತದೆ. ಆ ಹೆಂಗಸರು ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದರು, ಸುದ್ದಿ ಹಂಚಿಕೊಳ್ಳುತ್ತಿದ್ದರು, ಕಷ್ಟವನ್ನೂ ಹಂಚಿಕೊಳ್ಳುತ್ತಿದ್ದರು. ಮೆಟ್ಟುಗತ್ತಿಯನ್ನು ಮಾತ್ರ ಯಾರೂ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಕೇಳುವುದೂ ಮರ್ಯಾದೆಯಾಗಿರಲಿಲ್ಲ. ಅದರ ಎತ್ತರ, ಬಾಗು, ಮಸೆದ ರೀತಿ ಎಲ್ಲವೂ ಒಂದು ಕೈಗೆ, ಒಂದು ಕಾಲಿಗೆ ಒಗ್ಗಿದಂಥವು. ಗೊನೆಗಾರನ ಕತ್ತಿಯೂ ಹಾಗೆಯೇ, ಗದ್ದೆಗೆ ಬರುವ ಆಳಿನ ಕುಡುಗೋಲೂ ಹಾಗೆಯೇ. ಈಗ ಅಡಿಕೆ ಸುಲಿಯುವ ಯಂತ್ರಗಳು ಬಂದು ಅಂಗಳದ ಆ ರಾತ್ರಿಗಳು ಅಪರೂಪವಾಗಿವೆ. ಯಂತ್ರವನ್ನು ಬಾಡಿಗೆಗೆ ತರಬಹುದು, ಯಾರು ಬೇಕಾದರೂ ಗುಂಡಿ ಒತ್ತಬಹುದು.

ನಗರದ ಸಂಸಾರದಲ್ಲಿ ಕಥೆ ಬೇರೆ. ಇಲ್ಲಿ ಮನೆಗೊಂದು ಒಳ್ಳೆಯ ಸಲಕರಣೆ ಇರುತ್ತದೆ, ಅದಕ್ಕೊಬ್ಬ ಯಜಮಾನನಿರುತ್ತಾನೆ, ಉಳಿದವರು ಅವನನ್ನು ಕೇಳಿ ಪಡೆಯಬೇಕು. ನಮ್ಮ ಮನೆಯಲ್ಲಿ ಆ ಸಲಕರಣೆ ಒಂದು ಕೆಂಪು ಹಿಡಿಯ ಸ್ವಿಸ್ ಚಾಕು. ಮಡಚಿದರೆ 91 ಮಿಲಿಮೀಟರ್. ಒಳಗೆ ಎರಡು ಅಲಗು, ಡಬ್ಬಿ ತೆರೆಯುವ ಕೊಕ್ಕೆ, ತಿರುಪುಳಿ, ರಂಧ್ರ ಕೊರೆಯುವ ಮೊಳೆ. ಈ ಚಾಕುವಿನ ಚರಿತ್ರೆ ಬಲ್ಲವರಿಗೆ ಗೊತ್ತಿರುವಂಥದ್ದೇ. ಕಾರ್ಲ್ ಎಲ್ಸೆನರ್ ಎಂಬಾತ 1884ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಕ್ ಎಂಬ ಊರಿನಲ್ಲಿ ಕಮ್ಮಟ ತೆರೆದ. 1891ರಲ್ಲಿ ಅಲ್ಲಿನ ಸೈನಿಕರಿಗೆ ಚಾಕು ಒದಗಿಸಿದ. 1897ರಲ್ಲಿ ಅಧಿಕಾರಿಗಳ ಚಾಕುವನ್ನು ನೋಂದಾಯಿಸಿದ. ತಾಯಿ ವಿಕ್ಟೋರಿಯಾ 1909ರಲ್ಲಿ ತೀರಿಕೊಂಡಾಗ ಆಕೆಯ ಹೆಸರನ್ನು ಸರಕಿಗೆ ಇಟ್ಟ. 1921ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ಸೂಚಿಸುವ ‘ಇನಾಕ್ಸ್’ ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಆಯಿತು. ಜಗತ್ತಿನ ಗಂಡಸರ ಜೇಬುಗಳಲ್ಲಿ ಮೆರೆದ ವಸ್ತುವಿನ ಮೈಮೇಲೆ ಒಬ್ಬ ಹೆಂಗಸಿನ ಹೆಸರಿದೆ ಎಂಬುದನ್ನು ನನ್ನ ಹೆಂಡತಿ ನನಗಿಂತ ಮೊದಲೇ ಎಲ್ಲೋ ಓದಿಕೊಂಡಿದ್ದಳು. ಅದು ಆಮೇಲೆ ವಾದಕ್ಕೆ ಬಂತು.

ಮಡಚುವ ಚಾಕುವಿಗೆ ನಮ್ಮ ದೇಶದಲ್ಲಿ ಅಷ್ಟೇನೂ ಒಳ್ಳೆಯ ಹೆಸರಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಹಿಂದಿ ಚಿತ್ರಗಳ ಖಳರು ಚಟಕ್ಕನೆ ಬಿಚ್ಚುತ್ತಿದ್ದ ರಾಂಪುರಿಯಿಂದಾಗಿ ಸಭ್ಯಸ್ಥನ ಜೇಬಿನಲ್ಲಿ ಚಾಕುವಿಗೇನು ಕೆಲಸ ಎಂದು ಕೇಳುವವರೇ ಹೆಚ್ಚು. (ಆ ರಾಂಪುರದವರು ಮಾತ್ರ ತಮ್ಮ ಕಸುಬಿನ ಬಗ್ಗೆ ನಾಚಿಕೆ ಪಟ್ಟುಕೊಂಡಿಲ್ಲ, 2023ರಲ್ಲಿ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿಯ ಚಾಕುವನ್ನೇ ನಿಲ್ಲಿಸಿದ್ದಾರೆ.) 2001ರ ಸೆಪ್ಟೆಂಬರ್ 11ರ ಬಳಿಕ ಆ ಪ್ರಶ್ನೆಯನ್ನು ಜಗತ್ತೇ ಕೇಳತೊಡಗಿತು. ವಿಮಾನ ನಿಲ್ದಾಣಗಳ ಅಂಗಡಿಗಳಲ್ಲಿ ಸ್ವಿಸ್ ಚಾಕುವಿನ ಮಾರಾಟ ನಿಂತಿತು, ಕಂಪನಿಯ ವಹಿವಾಟು ಕುಸಿಯಿತು. ಅಲಗೇ ಇಲ್ಲದ ಚಾಕುವನ್ನು ರೂಪಿಸುತ್ತಿರುವುದಾಗಿ 2024ರಲ್ಲಿ ಆ ಕಂಪನಿಯೇ ಹೇಳಿತು. ಬೆಂಗಳೂರಿನಲ್ಲಂತೂ ವಿಮಾನ ನಿಲ್ದಾಣದಿಂದ ತೊಡಗಿ ಮಾಲುಗಳವರೆಗೆ, 2011ರಲ್ಲಿ ಮೆಟ್ರೊ ಬಂದ ಮೇಲೆ ರೈಲು ಹತ್ತುವ ಬಾಗಿಲಲ್ಲೂ, ಲೋಹ ಶೋಧಕಗಳು ನಿಂತವು. ಪ್ರತಿಸಲವೂ ಜೇಬಿನಿಂದ ತೆಗೆದು ತೋರಿಸಿ ಸಮಜಾಯಿಷಿ ಕೊಡುವ ತಾಳ್ಮೆ ಯಾರಿಗಿದೆ? ನನ್ನ ಚಾಕು ಜೇಬಿನಿಂದ ಮೇಜಿನ ಖಾನೆಗೆ ಇಳಿಯಿತು. ಖಾನೆಯಲ್ಲಿರುವ ವಸ್ತು ಮನೆಯ ಎಲ್ಲರ ಕಣ್ಣಿಗೂ ಬೀಳುತ್ತದೆ. ಸಾಲದ ಕಥೆ ಅಲ್ಲಿಂದ ಶುರು.

ನನ್ನ ಹೆಂಡತಿಯ ತೋಟವಿರುವುದು ಮಹಡಿಯ ಮೇಲೆ. ಕುಂಡಗಳು, ಗೋಣಿಯಂಥ ಚೀಲಗಳು, ಒಡೆದ ಬಕೀಟುಗಳು ಎಲ್ಲ ಸೇರಿ ಅರವತ್ತರ ಮೇಲಿವೆ. ಗುಲಾಬಿ, ದಾಸವಾಳ, ಟೊಮೆಟೊ, ಬಸಳೆ, ಒಂದು ನಿಂಬೆ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದ ಪ್ರತಿ ಜನವರಿ ಮತ್ತು ಆಗಸ್ಟಿನಲ್ಲಿ ಬರುವ ಹೊಸ ಅತಿಥಿಗಳು. ಅವಳ ಬಳಿ ಗಿಡ ಸವರುವ ಕತ್ತರಿ ಇದೆ, ಕಳೆಗುದ್ದಲಿ ಇದೆ. ಆದರೂ ಒಂದು ಬೆಳಗ್ಗೆ, “ರೀ, ನಿಮ್ಮ ಚಾಕು ಸ್ವಲ್ಪ ಕೊಡಿ, ದಾಸವಾಳದ ಕಡ್ಡಿ ತೆಗೀಬೇಕು” ಎಂದಳು.

ಈ ಬೇಡಿಕೆ ಶಾಸ್ತ್ರೀಯವಾಗಿ ಸರಿಯಾಗಿಯೇ ಇತ್ತು ಎಂಬುದನ್ನು ಒಪ್ಪಬೇಕು. ಹೊಸ ಗಿಡಕ್ಕಾಗಿ ಕಡ್ಡಿ ಕತ್ತರಿಸುವಾಗ ಅಲಗು ಹರಿತವಾಗಿರಬೇಕು. ಮೊಂಡು ಕತ್ತರಿ ಕಾಂಡವನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಭಾಗದಲ್ಲಿ ನೀರು ನಿಂತು, ಬೂಷ್ಟು ಹಿಡಿದು, ಬೇರು ಬಿಡುವ ಮೊದಲೇ ಕಡ್ಡಿ ಕೊಳೆಯುತ್ತದೆ. ಗುಲಾಬಿಗೆ ಕಣ್ಣು ಕಸಿ ಮಾಡುವವರಂತೂ ತೊಗಟೆಯನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಸೀಳಿ ಅದರೊಳಗೆ ಮೊಗ್ಗನ್ನು ಕೂರಿಸಬೇಕು; ಒರಟು ಅಲಗಿನಿಂದ ಆಗುವ ಕೆಲಸವಲ್ಲ ಅದು. ಒಳ್ಳೆಯ ಚಾಕು ಬೇಕೆನ್ನುವುದು ಗಿಡದ ಪರವಾದ ಬೇಡಿಕೆ. ಕೊಟ್ಟೆ. ದಾಸವಾಳದ ಕಡ್ಡಿಗಳು ಓರೆಯಾಗಿ, ನುಣುಪಾಗಿ ತುಂಡಾದವು. ಚಾಕುವನ್ನು ಒರೆಸಿ ಹಿಂದಕ್ಕೂ ಕೊಟ್ಟಳು.

ಗಂಡಾಂತರವಿರುವುದು ಎರಡನೆಯ ವಾರದಲ್ಲಿ. ಕಡ್ಡಿ ಕೊಯ್ಯಲೆಂದು ಮಹಡಿಗೆ ಹೋದ ಚಾಕು ಗೊಬ್ಬರದ ಚೀಲದ ಹೊಲಿಗೆ ಬಿಚ್ಚುತ್ತದೆ, ಸುತಲಿ ಕತ್ತರಿಸುತ್ತದೆ, ಬಿದಿರಿನ ಆಸರೆಗೋಲನ್ನು ಸೀಳುತ್ತದೆ. ಇಲ್ಲಿಯವರೆಗೆ ಸರಿ. ಆಮೇಲೆ ಅದು ಕುಂಡದೊಳಗೆ ಇಳಿಯುತ್ತದೆ. ಬೇರು ಸುತ್ತಿಕೊಂಡು ಕುಂಡ ಬಿಡಲೊಲ್ಲದ ಗಿಡವನ್ನು ಹೊರಕ್ಕೆ ತೆಗೆಯಲು ಕುಂಡದ ಒಳಗೋಡೆಯ ಉದ್ದಕ್ಕೂ ಅಲಗನ್ನು ಆಡಿಸಬೇಕು ಎಂಬುದು ತೋಟಗಾರರಿಗೆ ತಾನಾಗಿ ಹೊಳೆಯುವ ಉಪಾಯ. ಚಾಕುವಿನ ಪಾಲಿಗೆ ಇದಕ್ಕಿಂತ ದೊಡ್ಡ ಅನಾಹುತವಿಲ್ಲ.

ಏಕೆ ಎಂದು ತಿಳಿಯಲು ಲಾಲ್‌ಬಾಗಿಗೆ ಹೋಗಬೇಕು. ಕೆಂಪೇಗೌಡ ಗೋಪುರ ನಿಂತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭೂವೈಜ್ಞಾನಿಕ ಸ್ಮಾರಕವೆಂದು ಅದನ್ನು ಗುರುತಿಸಲಾಗಿದೆ. ಬೆಂಗಳೂರಿನ ಸುತ್ತಮುತ್ತಲಿನ ಕೆಂಪು ಮಣ್ಣು ಇಂಥದೇ ನೈಸ್ ಶಿಲೆ ಬಿಸಿಲಿಗೆ ಮಳೆಗೆ ಸವೆದು ಪುಡಿಯಾಗಿ ಆದದ್ದು. ಶಿಲೆಯಲ್ಲಿರುವ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ, ಕಬ್ಬಿಣದ ಅಂಶ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಕೊಡುತ್ತದೆ. ಬೆಣಚುಕಲ್ಲಿನ ಹರಳುಗಳು ಮಾತ್ರ ಕೊಳೆಯುವುದಿಲ್ಲ. ಮರಳಾಗಿ ಹಾಗೆಯೇ ಉಳಿಯುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚುಕಲ್ಲಿಗೆ 7 ಅಂಕ. ಚಾಕುವಿನ ಉಕ್ಕಿಗೆ ಐದೂವರೆಯಿಂದ ಆರೂವರೆ. ಅಂದರೆ ಮಣ್ಣಿನ ಪ್ರತಿಯೊಂದು ಮರಳ ಕಣವೂ ಉಕ್ಕನ್ನು ಗೀರಬಲ್ಲದು, ಉಕ್ಕು ಅದನ್ನು ಗೀರಲಾರದು. ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಅಲಗಿನ ಅಂಚು ಇಂಥ ಸಾವಿರಾರು ಕಣಗಳ ನಡುವೆ ಒಮ್ಮೆ ಹಾದುಬಂದರೆ ಗಂಟೆಗಟ್ಟಲೆ ಮಸೆದದ್ದು ಹೋಯಿತು. ಗುದ್ದಲಿಗೆ ಇದರ ಚಿಂತೆಯಿಲ್ಲ. ಅದರ ಬಾಯಿ ದಪ್ಪ, ಕೆಲಸ ಒರಟು. ಮೂರು ಶತಕೋಟಿ ವರ್ಷದ ಬಂಡೆಯ ಮೊಮ್ಮಕ್ಕಳೊಡನೆ ಜೇಬಿನ ಚಾಕುವನ್ನು ಕುಸ್ತಿಗೆ ಬಿಡುವುದು ನ್ಯಾಯವಲ್ಲ.

ಮಣ್ಣಿನದು ಒಂದಾದರೆ ಗೊಬ್ಬರದ್ದು ಇನ್ನೊಂದು. ತುಕ್ಕು ಹಿಡಿಯದ ಉಕ್ಕು ಎಂಬುದು ಅರ್ಧ ಸತ್ಯ. ಉಕ್ಕಿನಲ್ಲಿ ಬೆರೆಸಿದ ಕ್ರೋಮಿಯಂ ಗಾಳಿಯೊಡನೆ ಕೂಡಿ ಮೇಲ್ಮೈಯಲ್ಲಿ ಬಲು ತೆಳುವಾದ ಪೊರೆಯೊಂದನ್ನು ಕಟ್ಟುತ್ತದೆ, ಆ ಪೊರೆಯೇ ಕವಚ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಲವಣ ಒದ್ದೆಯೊಂದಿಗೆ ಸೇರಿ ಆ ಪೊರೆಯನ್ನು ಅಲ್ಲಲ್ಲಿ ಒಡೆಯುತ್ತದೆ. ಸೂಜಿಮೊನೆಯಷ್ಟು ಕಪ್ಪು ಕುಳಿಗಳು ಏಳುತ್ತವೆ. ಕಣಗಿಲೆ, ಕಳ್ಳಿಗಳ ಹಾಲು ಅಲಗಿಗೆ ಅಂಟಿ ಒಣಗಿದರೆ ಧೂಳನ್ನು ಸೆಳೆಯುತ್ತದೆ. ಕೀಲಿನೊಳಗೆ ಹೊಕ್ಕ ಮರಳು ಪ್ರತಿಸಲ ಬಿಚ್ಚಿ ಮಡಚುವಾಗಲೂ ಕರಕರ ಎನ್ನುತ್ತದೆ. ಇಷ್ಟಕ್ಕೂ ಪರಿಹಾರ ದೊಡ್ಡದೇನಲ್ಲ: ಸೋಪಿನ ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ ನಾಲ್ಕಾರು ಸಲ ಬಿಚ್ಚಿ ಮಡಚಿ, ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ. ಗಿಡಕ್ಕೂ ಸ್ವಚ್ಛವಾದ ಅಲಗೇ ಒಳ್ಳೆಯದು. ಟೊಮೆಟೊ ಗಿಡಗಳಿಗೆ ತಗಲುವ ಮೊಸಾಯಿಕ್ ನಂಜು ಕತ್ತರಿಸುವ ಸಲಕರಣೆಯ ಮೂಲಕವೇ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಇದನ್ನೆಲ್ಲ ನಾನು ವಿವರವಾಗಿ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಅದಾದ ನಾಲ್ಕನೆಯ ದಿನ ನಿಂಬೆ ಗಿಡದ ಕುಂಡದಲ್ಲಿ ಚಾಕುವಿನ ತುದಿ ಮುರಿಯಿತು.

ಮೂರು ಮಿಲಿಮೀಟರ್ ಇರಬಹುದು. ಅಲಗು ಕೊಯ್ಯುವುದಕ್ಕೆಂದು ಇರುವಂಥದ್ದು, ಮೀಟುವುದಕ್ಕಲ್ಲ. ಅಡ್ಡಲಾಗಿ ಒತ್ತಡ ಬಿದ್ದಾಗ ತೀರಾ ತೆಳುವಾದ ಜಾಗದಲ್ಲಿ ಅದು ಬಾಗುತ್ತದೆ ಇಲ್ಲವೇ ಮುರಿಯುತ್ತದೆ. ಸೈಕಲ್ಲಿನ ಮೇಲೆ ಸಾಣೆ ಹಿಡಿಯುವವನು ನಮ್ಮ ಬೀದಿಗೆ ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತಾನೆ. ಅವನ ಚಕ್ರದಿಂದ ಹಾರುವ ಕಿಡಿಗಳನ್ನು ನೋಡಲು ಮಕ್ಕಳು ನೆರೆಯುತ್ತಾರೆ. ಆದರೆ ಆ ಕಿಡಿಯ ಕಾವಿಗೆ ತೆಳುವಾದ ತುದಿ ನೀಲಿಗಟ್ಟಿದರೆ ಉಕ್ಕಿನ ಹದ ಕೆಡುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಹಾಗಾಗಿ ಕೈಯಲ್ಲೇ ಉಜ್ಜುವುದೆಂದು ತೀರ್ಮಾನಿಸಿದೆ. ಮುರಿದ ತುದಿಯನ್ನು ಸರಿಪಡಿಸುವಾಗ ಹರಿತದ ಕಡೆಯಿಂದ ಉಕ್ಕನ್ನು ತೆಗೆಯಬಾರದು. ಬೆನ್ನಿನ ಕಡೆಯಿಂದ ಸವೆಸುತ್ತ ಬಂದು ಹೊಸ ಮೊನೆಯನ್ನು ಹರಿತದ ರೇಖೆಗೆ ಕೂಡಿಸಬೇಕು. ನೀರು ಚಿಮುಕಿಸುತ್ತ ಒರಟು ಕಲ್ಲಿನ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಕುಳಿತೆ. ಚಾಕು ಕೊಂಚ ಗಿಡ್ಡವಾಯಿತು. ಬಳಕೆಗೆ ಏನೂ ಕೊರತೆಯಿಲ್ಲ.

ಗೆಳೆಯರು ಕೊಟ್ಟ ಸಲಹೆ ಒಂದೇ: ತೋಟಕ್ಕೆ ಬೇರೆ ಅಗ್ಗದ ಚಾಕು ಕೊಡಿಸಿಬಿಡಿ. ಮನೆ ಮನೆಯಲ್ಲೂ ಗಂಡಸರು ಕೊಡುವ, ಮೇಲುನೋಟಕ್ಕೆ ಜಾಣತನದ್ದೆಂದು ತೋರುವ ಈ ಪರಿಹಾರದ ಬಗ್ಗೆ ನನಗೆ ಅನುಮಾನವಿದೆ. ಅದರ ಅರ್ಥವೇನು? ಒಳ್ಳೆಯದು ಖಾನೆಯಲ್ಲಿರಲಿ, ಕೆಲಸ ಮಾಡುವ ಕೈಗೆ ಕಳಪೆಯದು ಸಾಕು ಎಂದೇ ಅಲ್ಲವೇ? ಖಾನೆಯಲ್ಲಿರುವ ಚಾಕು ವರ್ಷಕ್ಕೆ ಎಷ್ಟು ಸಲ ಹೊರಬರುತ್ತದೆ, ಮಹಡಿಯ ಮೇಲೆ ದಿನಕ್ಕೆ ಎಷ್ಟು ಸಲ ಚಾಕು ಬೇಕಾಗುತ್ತದೆ ಎಂದು ಲೆಕ್ಕ ಹಾಕಿದರೆ ಸಾಲ ಕೊಡುತ್ತಿರುವವರು ಯಾರು, ಪಡೆಯುತ್ತಿರುವವರು ಯಾರು ಎಂಬುದೇ ಗೊಂದಲವಾಗುತ್ತದೆ.

ಮುರಿದ ತುದಿಯ ಬಗ್ಗೆ ಮಾತು ಬಂದಾಗ ನನ್ನ ಹೆಂಡತಿ ಒಳಗಿನಿಂದ ತನ್ನ ಬಟ್ಟೆ ಕತ್ತರಿಯನ್ನು ತಂದು ಮೇಜಿನ ಮೇಲಿಟ್ಟಳು. ಮೀರತ್‌ನ ಕತ್ತರಿ, ಹಿತ್ತಾಳೆಯ ಹಿಡಿ, ತೂಕವಾದ ಅಲಗು. ತವರಿನಿಂದ ಹೊಲಿಗೆ ಯಂತ್ರದ ಜೊತೆ ಬಂದದ್ದು. ಹೊಲಿಗೆ ಬಲ್ಲ ಯಾರನ್ನಾದರೂ ಕೇಳಿ: ಬಟ್ಟೆ ಕತ್ತರಿಯಿಂದ ಕಾಗದ ಕತ್ತರಿಸಬಾರದು. ಕಾಗದದಲ್ಲಿ ಜೇಡಿ, ಸುಣ್ಣದ ಪುಡಿಗಳಿರುತ್ತವೆ. ಮಣ್ಣು ನನ್ನ ಚಾಕುವಿಗೆ ಮಾಡಿದ್ದನ್ನು ಕಾಗದ ಆ ಕತ್ತರಿಗೆ ಮೆಲ್ಲಗೆ ಮಾಡುತ್ತದೆ. ಮಕ್ಕಳ ಶಾಲೆಯ ಮಾದರಿಗಳಿಂದ ಹಿಡಿದು ಹಬ್ಬದ ತೋರಣದವರೆಗೆ, ಹಾಲಿನ ಪೊಟ್ಟಣದಿಂದ ಹಿಡಿದು ರಟ್ಟಿನ ಪೆಟ್ಟಿಗೆಯವರೆಗೆ ಆ ಕತ್ತರಿ ಇಪ್ಪತ್ತೈದು ವರ್ಷ ಎಲ್ಲವನ್ನೂ ಕತ್ತರಿಸಿದೆ. ಅದನ್ನು ಯಾರೂ ಸಾಲವೆಂದು ಕರೆದಿಲ್ಲ. “ನಿಮ್ಮ ಚಾಕು ಅನ್ನೋದು ಎಲ್ಲರಿಗೂ ಗೊತ್ತು. ನನ್ನ ಕತ್ತರಿ ಮಾತ್ರ ಮನೆ ಕತ್ತರಿ” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ಹೋಗುತ್ತ ಹೋಗುತ್ತ, “ಆ ಚಾಕುವಿನ ಮೇಲೂ ಅವರಮ್ಮನ ಹೆಸರೇ ಇರೋದು” ಎಂದು ಸೇರಿಸಿದಳು.

ನನ್ನದು ಎಂದು ಹೇಳುವ ಹಕ್ಕು ಸಂಸಾರದೊಳಗೆ ಯಾರಿಗೆ ಎಷ್ಟು ಎಂಬುದು ಕತ್ತರಿ ಚಾಕುಗಳಿಗೆ ನಿಲ್ಲುವ ಪ್ರಶ್ನೆಯಲ್ಲ. ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಮದುವೆಯಾದ ಮಾತ್ರಕ್ಕೆ ಅದು ಗಂಡ ಹೆಂಡಿರ ಜಂಟಿ ಆಸ್ತಿಯಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿತು. 2024ರ ಏಪ್ರಿಲ್‌ನಲ್ಲಿ ಕೇರಳದ ದಂಪತಿಯೊಬ್ಬರ ವ್ಯಾಜ್ಯದಲ್ಲಿ ಅದೇ ಮಾತನ್ನು ಮತ್ತೆ ಹೇಳಬೇಕಾಗಿ ಬಂತು. ಅಲ್ಲಿ ಮಾತು 89 ಪವನು ಚಿನ್ನದ್ದು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಆದರೆ ಹಿಂದಿರುಗಿಸುವ ಹೊಣೆ ಅವನದು ಎಂದ ನ್ಯಾಯಾಲಯ 25 ಲಕ್ಷ ರೂಪಾಯಿ ಕೊಡುವಂತೆ ಆದೇಶಿಸಿತು. ನಲವತ್ತು ವರ್ಷಗಳ ಅಂತರದಲ್ಲಿ ಒಂದೇ ಮಾತನ್ನು ಎರಡು ಸಲ ಹೇಳಬೇಕಾದರೆ ಅದು ಮನೆಗಳೊಳಗೆ ಎಷ್ಟು ತಲುಪಿದೆ ಎಂದು ಊಹಿಸಬಹುದು.

ನ್ಯಾಯಾಲಯಕ್ಕೆ ಹೋಗದ ಪ್ರಕರಣಗಳೇ ಹೆಚ್ಚು. ನಮ್ಮ ತಂದೆ ತೋಟಕ್ಕೆ ಬಾವಿ ತೋಡಿಸಿದ ವರ್ಷ ನನ್ನ ತಾಯಿಯ ನಾಲ್ಕು ಬಳೆಗಳು ಅಡವಿಗೆ ಹೋದವು. ಬಾವಿಯಲ್ಲಿ ನೀರು ಬಂತು, ತೋಟ ಉಳಿಯಿತು, ನಾವು ಓದಿದೆವು. ಬಳೆಗಳು ಮಾತ್ರ ಬರಲಿಲ್ಲ. ಆ ಬಾವಿಯನ್ನು ಊರಿನವರು ಇವತ್ತಿಗೂ ನಮ್ಮ ತಂದೆಯ ಹೆಸರು ಹೇಳಿ ಇಂಥವರ ಬಾವಿ ಎನ್ನುತ್ತಾರೆ. ತಾಯಿ ಅದನ್ನು ಸಾಲ ಎಂದು ಕರೆದದ್ದನ್ನು ನಾನು ಕೇಳಿಲ್ಲ. ತಂದೆ ಅದನ್ನು ಮರೆತದ್ದನ್ನೂ ನೋಡಿಲ್ಲ. ಕೊನೆಯ ವರ್ಷಗಳಲ್ಲಿ ಅಡಿಕೆಗೆ ದರ ಬಂದಾಗಲೆಲ್ಲ “ಈ ಸಲ ಬಳೆ ನೋಡಾಣ” ಎನ್ನುತ್ತಿದ್ದರು. ಅಷ್ಟರಲ್ಲಿ ಔಷಧಿಯ ಖರ್ಚು ಬರುತ್ತಿತ್ತು. ಕರಾರುಪತ್ರವಿಲ್ಲದ, ಬಡ್ಡಿಯಿಲ್ಲದ, ವಾಯಿದೆಯಿಲ್ಲದ ಇಂಥ ಸಾಲಗಳ ಮೇಲೆ ಎಷ್ಟು ಬಾವಿ, ಎಷ್ಟು ನಿವೇಶನ, ಎಷ್ಟು ಪದವಿಗಳು ನಿಂತಿವೆಯೋ!

ಅಲಗಿನ ವಸ್ತುವನ್ನು ಕೈಯಿಂದ ಕೈಗೆ ಕೊಡಬಾರದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿದೆ. ಉಪ್ಪು, ಮೆಣಸಿನಕಾಯಿಗಳಂತೆ ಚಾಕುವನ್ನೂ ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು, ಇಲ್ಲವಾದರೆ ಜಗಳವಾಗುತ್ತದಂತೆ. ಬೆರಳು ಕುಯ್ಯದಿರಲೆಂದು ಯಾರೋ ಅಜ್ಜಿ ಕಂಡುಕೊಂಡ ಉಪಾಯವಿರಬೇಕು. ಆದರೆ ಅದರಲ್ಲಿ ಇನ್ನೊಂದು ಸೊಗಸಿದೆ. ಕೆಳಗಿಟ್ಟ ಒಂದು ಕ್ಷಣ ಆ ವಸ್ತು ಇಬ್ಬರದ್ದೂ ಆಗಿರುವುದಿಲ್ಲ. ಪುಸ್ತಕ, ಲೇಖನಿ, ಹೆಣ್ಣು ಈ ಮೂರೂ ಪರರ ಕೈಗೆ ಹೋದರೆ ಹೋದಂತೆಯೇ ಎಂಬರ್ಥದ ಸಂಸ್ಕೃತ ಸುಭಾಷಿತವೊಂದನ್ನು ಹಿಂದಿನ ಮೇಷ್ಟರುಗಳು ನಗುತ್ತ ಹೇಳುತ್ತಿದ್ದರು. ಹೆಣ್ಣನ್ನು ಸಾಲ ಕೊಡುವ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದ ಆ ಪಂಡಿತನ ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದವರು ಯಾರೋ, ಆಕೆಯ ಈಳಿಗೆಮಣೆ ಯಾರ ಹೆಸರಿನಲ್ಲಿತ್ತೋ!

ತುದಿ ಮುರಿದ ತಿಂಗಳಲ್ಲೇ ಇನ್ನೊಂದು ಕೆಲಸವಾಯಿತು. ನಾನು ಕಲ್ಲಿನ ಮುಂದೆ ಕುಳಿತಿದ್ದಾಗ ಅವಳೂ ಬಂದು ಕುಳಿತಳು. ಅಲಗನ್ನು ಕಲ್ಲಿಗೆ 15ರಿಂದ 20 ಡಿಗ್ರಿಯಷ್ಟು ಓರೆಯಾಗಿ ಹಿಡಿದು, ಬುಡದಿಂದ ತುದಿಯವರೆಗೆ ಒಂದೇ ಒತ್ತಡದಲ್ಲಿ ಎಳೆಯಬೇಕು. ಇನ್ನೊಂದು ಬದಿಯಲ್ಲಿ ಬೆರಳಿಗೆ ತೀರಾ ಸಣ್ಣಗೆ ಒರಟು ತಾಗುವವರೆಗೂ ಒಂದೇ ಬದಿ, ಆಮೇಲೆ ಮಗುಚಿ ಮತ್ತೊಂದು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಹತ್ತಾರು ಸಲ. ನನಗೆ ಇದನ್ನು ಕಲಿಯಲು ವರ್ಷಗಳೇ ಹಿಡಿದಿದ್ದವು. ಚಪಾತಿ ಲಟ್ಟಿಸಿದ ಕೈಗೆ ಒಂದೇ ಒತ್ತಡ ಎಂದರೇನು ಎಂದು ವಿವರಿಸಬೇಕಾಗಿರಲಿಲ್ಲ. ಎರಡು ಭಾನುವಾರಗಳಲ್ಲಿ ಅವಳಿಗೆ ಅದು ಒಲಿಯಿತು. ತಾನೇ ಮಸೆದ ಅಲಗನ್ನು ಮಣ್ಣಿಗೆ ಇಳಿಸಲು ಅವಳಿಗೂ ಮನಸ್ಸು ಬರುವುದಿಲ್ಲ. ಕುಂಡ ಬಿಡಿಸಲು ಈಗ ಅಡುಗೆಮನೆಯ ಸವೆದ ದೋಸೆ ಮಗುಚುವ ಕೈ ಬಂದಿದೆ. ಬಟ್ಟೆ ಕತ್ತರಿಗೆ ಪ್ರತ್ಯೇಕ ಚೀಲ ಹೊಲಿದಿದ್ದಾಳೆ. ಮಕ್ಕಳು ಊರಿಗೆ ಬಂದಾಗ ಕಾಗದಕ್ಕೆ ಬೇರೆ ಕತ್ತರಿ ತೋರಿಸುತ್ತಾಳೆ.

ಕಳೆದ ಆಯುಧಪೂಜೆಯಂದು ಸ್ಕೂಟರು, ಹೊಲಿಗೆ ಯಂತ್ರ, ಗುದ್ದಲಿಗಳ ಸಾಲಿನಲ್ಲಿ ಚಾಕುವಿಗೂ ಕುಂಕುಮ ಬಿತ್ತು. ಪ್ರತಿವರ್ಷ ಅದು ನನ್ನ ಮೇಜಿನ ವಸ್ತುಗಳ ಜೊತೆಗಿರುತ್ತಿತ್ತು; ಈ ಸಲ ಗಿಡ ಸವರುವ ಕತ್ತರಿಯ ಪಕ್ಕದಲ್ಲಿತ್ತು. ಯಾರು ಅಲ್ಲಿಟ್ಟರೆಂದು ನಾನು ಕೇಳಲಿಲ್ಲ. ಸದ್ಯಕ್ಕೆ ಅದರ ವಾಸ ಮಹಡಿಯ ಮೆಟ್ಟಿಲ ಬಳಿಯ ಗೂಡಿನಲ್ಲಿ, ಒಣಗಿಸಿ ಎಣ್ಣೆ ಬಿಟ್ಟು, ಹಳೆಯ ಬಟ್ಟೆಯಲ್ಲಿ ಸುತ್ತಿ. ಪೊಟ್ಟಣವೊಂದು ಬಂದು ಅದರ ಅಂಟುಪಟ್ಟಿ ಬಿಚ್ಚಬೇಕಾದಾಗ ನಾನು ಮೇಲಕ್ಕೆ ಕೂಗಿ ಕೇಳುತ್ತೇನೆ. ಯಾತಕ್ಕೆ ಬೇಕು ಎಂದು ಅಲ್ಲಿಂದ ಪ್ರಶ್ನೆ ಬರುತ್ತದೆ. ಅಂಟು ಹತ್ತಿದರೆ ಸ್ಪಿರಿಟಿನಿಂದ ಒರೆಸಿ ಕೊಡಬೇಕಂತೆ.